ಲಕ್ಕಮ್ಮನ ಅಕ್ಕಿ ಮತ್ತು ನಮ್ಮ ಉಳಿತಾಯ

"ಟೀಚರ್, ಶರಣರು ನಾಳಿಗಂತ ಏನೂ ಇಟ್ಟುಕೊಳ್ಳಲಿಲ್ಲ ಅಂತ ನೀವಾ ಪಾಠ ಹೇಳಿದ್ರಿ. ಈಗ ಖರ್ಚು ಕಡಿಮಿ ಮಾಡು, ರೊಕ್ಕ ಉಳಿಸು ಅಂತೀರಿ. ಎರಡರಾಗ ಯಾವುದು ಖರೆ?"

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ತಿಂಗಳು ಮುಗಿಯುವ ಮೊದಲೇ ಖಾತೆ ಖಾಲಿಯಾಗುತ್ತದೆ ಎಂದು ಹೇಳಿ ಸಲಹೆ ಕೇಳಿದ್ದಳು. ಬೇಡದ ಖರ್ಚು ನಿಲ್ಲಿಸು, ಸಂಬಳ ಬಂದ ದಿನವೇ ಒಂದಷ್ಟು ತೆಗೆದಿಡು ಎಂದೆ. ಆಗ ಶರಣೆ ಆಯ್ದಕ್ಕಿ ಲಕ್ಕಮ್ಮನ ಹೆಸರು ಹೇಳಿ ನನ್ನನ್ನು ತಡೆದಳು. ಕನ್ನಡ ಕಲಿಸಿ ನಿವೃತ್ತಳಾದ ನನಗೆ, ತರಗತಿಯ ಪಾಠವೊಂದು ಹುಡುಗಿಯ ಬ್ಯಾಂಕ್ ಖಾತೆಯವರೆಗೂ ಹೋಗಿ ಪ್ರಶ್ನೆ ಎತ್ತಿದ್ದು ಸಂತೋಷ ತಂದಿತು. ಆದರೆ ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವಂತಿರಲಿಲ್ಲ. ದೇವರನ್ನು ನಂಬಿದವರು ನಾಳೆಗೆಂದು ಕೂಡಿಡಬಹುದೆ? ಕೂಡಿಡುವುದು ನಂಬಿಕೆಯ ಕೊರತೆಯೆ? ಈ ಬರಹ ಅವಳಿಗೂ ಅವಳ ಓರಗೆಯವರಿಗೂ ನಾನು ಕೊಡುತ್ತಿರುವ ಉತ್ತರ.

ಲಕ್ಕಮ್ಮ ನಮ್ಮ ಕಡೆಯವಳು. ನಾನಿರುವುದು ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ. ಇದೇ ತಾಲ್ಲೂಕಿನ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋದರು. ಇಬ್ಬರ ವಚನಗಳ ಅಂಕಿತದಲ್ಲೂ ಅಮರೇಶ್ವರಲಿಂಗದ ಹೆಸರಿದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ನೋಡಿದಳು, ಇದು ನಮ್ಮ ದಿನದ ಪಾಲಿಗಿಂತ ಹೆಚ್ಚು ಎಂದಳು, ಹೋಗಿ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಹಾಗೆಯೇ ಮಾಡಿದ. ಮುಂದೆ ದಿನದ ಪಾಲಿನ ಸ್ವಲ್ಪ ಅಕ್ಕಿಯಲ್ಲೇ ಲಕ್ಕಮ್ಮ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂದು ಕಥೆ ಹೇಳುತ್ತದೆ. ತಂದದ್ದನ್ನು ಹಿಂದಕ್ಕೆ ಕಳಿಸಿದ ಆ ಹೆಣ್ಣುಮಗಳ ಮುಂದೆ ನಿಂತು ಠೇವಣಿ, ಆರ್‌ಡಿ, ಬಡ್ಡಿಯ ಲೆಕ್ಕ ಮಾತಾಡುವುದು ಹೇಗೆ?

ಅವಳೊಬ್ಬಳೇ ಅಲ್ಲ. ಪುರಂದರದಾಸರ ಬಗ್ಗೆ ನಾವೆಲ್ಲ ಕೇಳಿ ಬೆಳೆದದ್ದೂ ಇಂಥದೇ. ನವಕೋಟಿ ನಾರಾಯಣ ಎನಿಸಿಕೊಂಡ ವ್ಯಾಪಾರಿ ಶ್ರೀನಿವಾಸ ನಾಯಕ, ಹೆಂಡತಿಯ ಮೂಗುತಿಯ ಪ್ರಸಂಗದಲ್ಲಿ ಕಣ್ತೆರೆದು, ಇದ್ದುದನ್ನೆಲ್ಲ ದಾನ ಮಾಡಿ ಮಧುಕರ ವೃತ್ತಿ ಹಿಡಿದರು. ಮನುಸ್ಮೃತಿಯಲ್ಲೂ ಒಂದು ಶ್ರೇಣಿಯಿದೆ. ಕಣಜದಷ್ಟು ಧಾನ್ಯ ಇಟ್ಟವನು, ಮಡಕೆಯಷ್ಟು ಇಟ್ಟವನು, ಮೂರು ದಿನಕ್ಕಾಗುವಷ್ಟು ಇಟ್ಟವನು, ನಾಳೆಗೂ ಇಲ್ಲದವನು ಎಂದು ಬ್ರಾಹ್ಮಣ ಗೃಹಸ್ಥರನ್ನು ನಾಲ್ಕಾಗಿ ವಿಂಗಡಿಸಿ, ಒಬ್ಬರಿಗಿಂತ ಮುಂದಿನವರು ಶ್ರೇಷ್ಠರು ಎನ್ನುತ್ತದೆ. ದಾರಿಗಳು ಎಷ್ಟೇ ಬೇರೆಯಾದರೂ, ನಾಳೆಯ ಚಿಂತೆ ಬಿಟ್ಟವರಿಗೆ ಎಲ್ಲ ಕಡೆಯೂ ದೊಡ್ಡ ಸ್ಥಾನವಿದೆ. ಈ ಮಾತನ್ನು ಪಕ್ಕಕ್ಕೆ ತಳ್ಳಿ ಉಳಿತಾಯದ ಉಪದೇಶ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇದನ್ನು ಎದುರಿಗಿಟ್ಟುಕೊಂಡೇ ಮಾತಾಡಬೇಕು.

ಲಕ್ಕಮ್ಮ ಹಿಂದಿರುಗಿಸಿದ್ದು ಯಾವುದನ್ನು ಎಂದು ಮೊದಲು ನೋಡೋಣ. ತಮ್ಮ ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚಾಗಿ ಒಳಗೆ ಬಂದ ಅಕ್ಕಿಯನ್ನು. ಅವಳ ಮೊದಲ ಕಟ್ಟುನಿಟ್ಟು ಗಳಿಕೆಯ ಬಗ್ಗೆ. ಲಂಚದ ದುಡ್ಡನ್ನು ಜೋಪಾನವಾಗಿ ಉಳಿಸಿದರೆ ಅದು ಪುಣ್ಯವಾಗುವುದಿಲ್ಲ. ಕೂಲಿಯವರ ಪಾಲನ್ನು ಹಿಡಿದಿಟ್ಟು ಬೆಳೆಸಿದ ಖಾತೆಯನ್ನೂ ಯಾವ ಮಿತವ್ಯಯವೂ ತೊಳೆಯಲಾರದು. ಉಳಿತಾಯದ ಮಾತು ಶುರುವಾಗಬೇಕಾದದ್ದು ಇಲ್ಲಿಂದ. ಮನೆಗೆ ಬರುವ ರೊಕ್ಕ ಬೆವರಿನದೇ, ನಮ್ಮದೇ ಎಂಬ ಖಾತ್ರಿ ಮೊದಲು.

ಆದರೂ ಪ್ರಶ್ನೆ ಅಷ್ಟಕ್ಕೇ ತೀರುವುದಿಲ್ಲ. ಮಾರಯ್ಯ, ಲಕ್ಕಮ್ಮ ನ್ಯಾಯವಾಗಿ ಸಿಕ್ಕಿದ್ದನ್ನೂ ಕೂಡಿಡಲಿಲ್ಲ. ದಿನದ್ದು ದಿನಕ್ಕೆ ತಂದರು, ಉಂಡರು, ಉಣಿಸಿದರು. ಅದು ಅವರಿಗೆ ಹೇಗೆ ಸಾಧ್ಯವಾಯಿತು? ಇದನ್ನು ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದ ಉತ್ತರ ಇಷ್ಟು: ಅವರ ಬೆನ್ನಿಗೆ ಕಲ್ಯಾಣವಿತ್ತು. ಮಹಾಮನೆಯ ಬಾಗಿಲು ತೆರೆದಿತ್ತು. ಮಾರಯ್ಯ ಜ್ವರ ಬಂದು ಮಲಗಿದ್ದರೆ ಲಕ್ಕಮ್ಮನ ಒಲೆ ಆರಲು ಸುತ್ತಲಿನ ಶರಣರು ಬಿಡುತ್ತಿರಲಿಲ್ಲ. ದಾಸೋಹ ಎಂಬ ವ್ಯವಸ್ಥೆಯೇ ಅವರೆಲ್ಲರ ಕೂಡು ಉಳಿತಾಯ. ಒಬ್ಬೊಬ್ಬರು ಬೇರೆ ಬೇರೆ ಕೂಡಿಡುವ ಅಗತ್ಯ ಬೀಳದ ಹಾಗೆ ಒಂದು ಸಮುದಾಯ ಒಬ್ಬರಿಗೊಬ್ಬರು ನಾಳೆಯಾಗಿ ನಿಂತಿತ್ತು.

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ನನ್ನ ವಿದ್ಯಾರ್ಥಿನಿಗೆ ಆ ಬಾಗಿಲು ಇಲ್ಲ. ಪಕ್ಕದ ಮನೆಯವರ ಹೆಸರು ಅವಳಿಗೆ ಗೊತ್ತಿಲ್ಲ. ಊರಿನಲ್ಲಿ ಅಪ್ಪನಿಗೆ ಎರಡು ಎಕರೆ ಒಣಬೇಸಾಯ, ತೊಗರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಲಸ ಹೋದ ತಿಂಗಳು ಬಾಡಿಗೆ ಕೇಳುವವರು ದೇವರ ಹೆಸರಿಗೆ ಬಿಡುವುದಿಲ್ಲ. ಅಂಥವಳಿಗೆ ಲಕ್ಕಮ್ಮನಂತೆ ಬದುಕು ಎಂದರೆ, ಲಕ್ಕಮ್ಮನಿಗಿದ್ದ ಆಸರೆಯನ್ನು ಕಿತ್ತುಕೊಂಡು ಅವಳ ವ್ರತವನ್ನಷ್ಟೇ ಹೊರಿಸಿದಂತೆ. ಇದು ಅನ್ಯಾಯ. ಆಸರೆ ಕಳೆದುಹೋದ ಕಾಲದಲ್ಲಿ, ತಮಗೂ ತಮ್ಮನ್ನು ನಂಬಿದವರಿಗೂ ಒಂದಿಷ್ಟು ನಾಳೆಯನ್ನು ಕಟ್ಟಿಕೊಳ್ಳುವುದು ಧರ್ಮವೇ ಆಗಿದೆ ಎಂದು ನಾನು ನಂಬುತ್ತೇನೆ.

ಉಳಿತಾಯ ಇಲ್ಲದ ಮನೆಗೆ ಮೊದಲು ಬರುವ ಅತಿಥಿ ಸಾಲ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಗಂಡನ ಆಸ್ಪತ್ರೆ ಖರ್ಚಿಗೆ ಒಂದು ಕಡೆ ಸಾಲ ಮಾಡಿ, ಅದರ ಕಂತಿಗೆ ಇನ್ನೊಂದು ಕಡೆ, ಅದರ ಕಂತಿಗೆ ಮತ್ತೊಂದು ಕಡೆ ಕೈಚಾಚಿದಳು. ವಾರವಾರ ಕಂತು ಕೇಳುವವರು ಮನೆಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಅವಳು ಹಿಂದಿನ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಿದ್ದಳು. ಇಂಥ ಕಿರುಕುಳ ರಾಜ್ಯದಲ್ಲಿ ಎಷ್ಟು ಬೆಳೆಯಿತೆಂದರೆ, ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾಯಕವನ್ನು ಶರಣರು ಪೂಜೆಗಿಂತ ಮೇಲಿಟ್ಟರು. ಆದರೆ ಸಾಲದಲ್ಲಿ ಮುಳುಗಿದವರ ಕಾಯಕ ಅವರದಾಗಿ ಉಳಿಯುವುದಿಲ್ಲ, ಮುಂದಿನ ವರ್ಷದ ಬೆವರೂ ಈಗಲೇ ಅಡವು ಬಿದ್ದಿರುತ್ತದೆ. ದಾನ ಕೊಡುವ ಕೈಯೂ ಕಟ್ಟಿಹೋಗುತ್ತದೆ. ಕಷ್ಟಕ್ಕೆಂದು ತೆಗೆದಿಟ್ಟ ಹತ್ತು ಸಾವಿರ ರೂಪಾಯಿ ಒಬ್ಬ ಹೆಣ್ಣುಮಗಳ ತಲೆ ಎತ್ತಿ ನಡೆಯುವ ಸ್ವಾತಂತ್ರ್ಯವನ್ನು ಕಾಯುತ್ತದೆ. ಇದನ್ನು ಲೌಕಿಕ ಎಂದು ಕಡೆಗಣಿಸುವ ಅಧ್ಯಾತ್ಮ ನನಗೆ ಬೇಡ.

ಹಾಗಾದರೆ ಎಷ್ಟು ಉಳಿಸಬೇಕು, ಯಾವಾಗ ನಿಲ್ಲಿಸಬೇಕು? ಇದಕ್ಕೆ ನನಗೆ ದಾರಿ ತೋರಿಸಿದ್ದು ಅಶೋಕ. ನಮ್ಮೂರಿನ ಹತ್ತಿರದ ಮಸ್ಕಿಯಲ್ಲಿ ಅವನ ಶಾಸನವಿದೆ. ಧರ್ಮದಲ್ಲಿ ತೊಡಗಿದರೆ ಸಣ್ಣವರೂ ಮೇಲೇರಬಲ್ಲರು, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎಂಬುದು ಮಸ್ಕಿಯ ಬಂಡೆಯ ತಿರುಳು. ಆದರೆ ನನ್ನ ಪ್ರಶ್ನೆಗೆ ಉತ್ತರವಿರುವುದು ಅವನ ಇನ್ನೊಂದು ಶಾಸನದಲ್ಲಿ. ಆ ಮೂರನೆಯ ದೊಡ್ಡ ಬಂಡೆ ಶಾಸನ ಗುಜರಾತಿನ ಗಿರಿನಾರಿನಲ್ಲೂ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ತಂದೆತಾಯಿಯ ಮಾತು ಕೇಳುವುದು, ಗೆಳೆಯರು, ಬಂಧುಗಳು, ಬ್ರಾಹ್ಮಣರು, ಶ್ರಮಣರಿಗೆ ಉದಾರಿಯಾಗಿರುವುದು, ಪ್ರಾಣಿಗಳನ್ನು ಕೊಲ್ಲದಿರುವುದು ಎಂದು ಒಳ್ಳೆಯ ನಡತೆಗಳನ್ನು ಎಣಿಸುತ್ತ, ಕೊನೆಗೆ ಅದು ಕಡಿಮೆ ಖರ್ಚು ಮಾಡುವುದನ್ನೂ ಕಡಿಮೆ ಇಟ್ಟುಕೊಳ್ಳುವುದನ್ನೂ ಒಟ್ಟಿಗೇ ಹೇಳುತ್ತದೆ.

ಈ ಎರಡನ್ನೂ ಜೊತೆಗೆ ಹೇಳಿದ್ದರಲ್ಲೇ ಇಡೀ ವಿವೇಕವಿದೆ. ಖರ್ಚು ಮಾತ್ರ ತಗ್ಗಿಸಿ ಸಂಗ್ರಹ ತಗ್ಗಿಸದಿದ್ದರೆ ಜಿಪುಣತನ ಬೆಳೆಯುತ್ತದೆ. ಸಂಗ್ರಹ ಮಾತ್ರ ಬೇಡವೆಂದು ಖರ್ಚು ತಗ್ಗಿಸದಿದ್ದರೆ ದುಂದು ಬೆಳೆಯುತ್ತದೆ. ಎರಡನ್ನೂ ತಗ್ಗಿಸಿದಾಗ ನಡುವೆ ಒಂದಿಷ್ಟು ಉಳಿಯುತ್ತದಲ್ಲ, ಅದು ಎಲ್ಲಿ ಹೋಗಬೇಕು? ಅದೇ ಸಾಲುಗಳಲ್ಲಿ ಉತ್ತರವೂ ಇದೆ: ಗೆಳೆಯರಿಗೆ, ಬಂಧುಗಳಿಗೆ, ಬ್ರಾಹ್ಮಣರಿಗೆ, ಶ್ರಮಣರಿಗೆ.

ಒಂದು ಎಲ್ಲೆಯೊಳಗೆ ಕೂಡಿಡು, ಎಲ್ಲೆ ಮೀರಿದ್ದನ್ನು ಹೊರಗೆ ಬಿಡು ಎಂಬ ಮಾತನ್ನು ಗೃಹಸ್ಥರಿಗಾಗಿ ಬೇರೆ ಬೇರೆ ಧರ್ಮಗಳು ತಮ್ಮ ತಮ್ಮ ರೀತಿಯಲ್ಲಿ ಹೇಳಿವೆ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಬುದ್ಧ ಸಿಗಾಲನೆಂಬ ಗೃಹಸ್ಥನಿಗೆ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳುತ್ತಾನೆ. ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಆಪತ್ತಿಗೆ. ಸಂಪತ್ತು ಸೋರುವ ಆರು ದಾರಿಗಳನ್ನೂ ಅಲ್ಲೇ ಹೆಸರಿಸುತ್ತಾನೆ: ಕುಡಿತ, ಹೊತ್ತಲ್ಲದ ಹೊತ್ತಿನ ತಿರುಗಾಟ, ಸದಾ ಜಾತ್ರೆ ತಮಾಷೆಗಳ ಗೀಳು, ಜೂಜು, ಕೆಟ್ಟ ಸಹವಾಸ, ಸೋಮಾರಿತನ. ನಮ್ಮ ಹುಡುಗರು ಮೊಬೈಲಿನಲ್ಲಿ ರೊಕ್ಕ ಕಟ್ಟಿ ಆಡುವ ಆಟ, ಕ್ರಿಕೆಟ್ ಬೆಟ್ಟಿಂಗ್‌ಗಳನ್ನು ನೋಡಿದರೆ ಆ ಪಟ್ಟಿಗೆ ಹೊಸದಾಗಿ ಸೇರಿಸಬೇಕಾದದ್ದು ಏನೂ ಇಲ್ಲ ಅನಿಸುತ್ತದೆ.

ಜೈನ ಶ್ರಾವಕರ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಮುನಿಗಳು ಎಲ್ಲವನ್ನೂ ಬಿಡುತ್ತಾರೆ. ಮನೆಯಲ್ಲಿರುವವರು ಹೊಲ, ಮನೆ, ಚಿನ್ನ, ಧಾನ್ಯ ಇಷ್ಟೇ ಸಾಕು ಎಂದು ತಾವೇ ಮಿತಿ ಗೊತ್ತುಮಾಡಿಕೊಂಡು ಅದನ್ನು ದಾಟದಿರುವ ವ್ರತ ಹಿಡಿಯುತ್ತಾರೆ. ಮೊಹರಂ ಆಚರಣೆಗೆ ಹೆಸರಾದ ಮುದಗಲ್ಲಿನಿಂದ ಬರುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಪ್ರತಿ ವರ್ಷ ರಂಜಾನಿನಲ್ಲಿ ಪುಟ್ಟ ಪುಸ್ತಕ ತೆರೆದು ಕೂಡುತ್ತಿದ್ದರು. ನಿಗದಿತ ಮಟ್ಟಕ್ಕೆ ಮೇಲ್ಪಟ್ಟ ಉಳಿತಾಯ ಒಂದು ಚಾಂದ್ರಮಾನ ವರ್ಷ ತಮ್ಮಲ್ಲಿ ಉಳಿದರೆ ಅದರ ನೂರಕ್ಕೆ ಎರಡೂವರೆ ಪಾಲು ಜಕಾತ್. ಅದನ್ನು ಅವರು ಬಡವರಿಗೆ ಸೇರಬೇಕಾದ ಪಾಲು ಎನ್ನುತ್ತಿದ್ದರು. ಕೊಟ್ಟೆನೆಂಬ ಹೆಮ್ಮೆ ಮುಖದಲ್ಲಿ ಇರುತ್ತಿರಲಿಲ್ಲ, ಬಾಕಿ ತೀರಿದ ಸಮಾಧಾನ ಇರುತ್ತಿತ್ತು. ಉಳಿತಾಯ ಇರುವವರಿಗಷ್ಟೇ ಈ ಕರ್ತವ್ಯ ಬರುತ್ತದೆ ಎಂಬುದನ್ನು ಗಮನಿಸಬೇಕು.

ಇನ್ನು ಖರ್ಚಿನ ಮಾತು. ಯಾವುದು ಬೇಡದ ಖರ್ಚು? ನಾನು ಹಿಡಿದಿರುವ ಒರೆಗಲ್ಲು ಒಂದೇ: ಈ ಖರ್ಚನ್ನು ಯಾರೂ ನೋಡುವುದಿಲ್ಲ ಎಂದಾದರೂ ನಾನು ಮಾಡುತ್ತಿದ್ದೆನೆ? ಹಾಲು, ಹಣ್ಣು, ಪುಸ್ತಕ, ಮಾತ್ರೆ, ತಾಯಿಯನ್ನು ನೋಡಲು ಹೋಗುವ ಬಸ್ ಚಾರ್ಜು, ಮನೆಗೆ ಬಂದವರಿಗೆ ಒಂದು ಹೋಳಿಗೆ, ಇವು ಆ ಪ್ರಶ್ನೆಯ ಮುಂದೆ ನಿಲ್ಲುತ್ತವೆ. ಇವನ್ನು ಕಡಿಯಬಾರದು. ಮೈಯನ್ನೂ ಮನಸ್ಸನ್ನೂ ಬತ್ತಿಸಿ ಉಳಿಸಿದ್ದು ಮುಂದೆ ಆಸ್ಪತ್ರೆಗೇ ಹೋಗುತ್ತದೆ. ನಾಲ್ಕು ಜನ ಏನಂದಾರು ಎಂಬ ಅಂಜಿಕೆಗೆ ಮಾಡುವ ಖರ್ಚುಗಳು ಮಾತ್ರ ಆ ಪ್ರಶ್ನೆ ಕೇಳಿದ ಕೂಡಲೇ ಉದುರುತ್ತವೆ. ಮಗುವಿನ ಹುಟ್ಟುಹಬ್ಬಕ್ಕೆ ಸರ್ಕಲ್ಲಿನಲ್ಲಿ ಫ್ಲೆಕ್ಸ್, ಕೆಟ್ಟಿರದ ಫೋನಿನ ಬದಲು ಕಂತಿನ ಮೇಲೆ ಹೊಸ ಫೋನು, ಒಬ್ಬೊಬ್ಬ ನೆಂಟರಿಗೂ ಆಯೇರಿ ಸೀರೆ, ಅವರು ಅದನ್ನು ಉಡದೆ ಇನ್ನೊಬ್ಬರ ಆಯೇರಿಗೆ ದಾಟಿಸುವುದು. ನಮ್ಮ ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ಅದೇ ಚಿನ್ನದ ಹೆಸರಿನಲ್ಲಿ ನಮ್ಮ ಎಷ್ಟೋ ಮನೆಗಳು ಮದುವೆಯ ಸಾಲಕ್ಕೆ ಹೊಲ ಬರೆದುಕೊಟ್ಟಿವೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ, ನಮ್ಮ ಕಡೆಯ ಮಠಗಳೂ ನಡೆಸುತ್ತವೆ. ಅಲ್ಲಿ ಮದುವೆಯಾದವರ ಸಂಸಾರ ಯಾವುದರಲ್ಲೂ ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ.

ದೇವರ ಹೆಸರಿನ ಖರ್ಚಿಗೂ ಇದೇ ಒರೆಗಲ್ಲು ಹಿಡಿಯಬೇಕು. ಕೈಯಲ್ಲಿ ಲಿಂಗ ಹಿಡಿದು ಪೂಜಿಸಲು ಒಂದು ಚಮಚ ನೀರು, ಒಂದು ಬಿಲ್ವದಳ ಸಾಕೆಂದ ದಾರಿಯಲ್ಲಿ ಹುಟ್ಟಿದವರು ನಾವು. ಗೃಹಪ್ರವೇಶದ ಪೂಜೆಗೆ ಸಾಲ ಮಾಡುವುದನ್ನು ಯಾವ ದೇವರೂ ಕೇಳಿಲ್ಲ.

ಸಣ್ಣ ಖರ್ಚುಗಳನ್ನು ಸಣ್ಣವು ಎಂದು ಬಿಡುವುದೂ ತರವಲ್ಲ. ದಿನಕ್ಕೆ ಅರವತ್ತು ರೂಪಾಯಿ ಎಂದರೆ ತಿಂಗಳಿಗೆ 1,800, ವರ್ಷಕ್ಕೆ 21,900. ಹಳ್ಳಿಯ ಒಂದು ಹುಡುಗಿ ತಾಲ್ಲೂಕು ಕೇಂದ್ರದಲ್ಲಿ ಕಾಲೇಜು ಓದುವ ಎಷ್ಟೋ ಖರ್ಚು ಅದರಲ್ಲಿ ನೀಗುತ್ತದೆ. ನೋಟು ಎಣಿಸಿ ಕೊಡುವಾಗ ಕೈ ಒಂದು ಕ್ಷಣ ಅನುಮಾನಿಸುತ್ತಿತ್ತು. ಫೋನಿನಲ್ಲಿ ಬೆರಳಿಟ್ಟು ಕೊಡುವಾಗ ಆ ಕ್ಷಣ ಇಲ್ಲವಾಗಿದೆ. ಆ ಕ್ಷಣವನ್ನು ನಾವೇ ಮತ್ತೆ ತಂದುಕೊಳ್ಳಬೇಕು. ದಿನದ ಖರ್ಚನ್ನು ರಾತ್ರಿ ಪುಸ್ತಕದಲ್ಲಿ ಬರೆಯುವುದು ನನಗೆ ಇಷ್ಟಲಿಂಗ ಪೂಜೆಯ ನಂತರದ ಇನ್ನೊಂದು ಪೂಜೆ. ಇವತ್ತು ನನ್ನನ್ನು ಆಳಿದ್ದು ಅಗತ್ಯವೋ ಆಸೆಯೋ ಎಂಬುದನ್ನು ಆ ಪುಸ್ತಕ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ಈ ಉಪದೇಶ ದಿನಗೂಲಿಯವರಿಗಲ್ಲ. ಬಿತ್ತಿದ ಬೆಳೆ ಒಣಗಿ, ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೆ ಮಿತವ್ಯಯ ಹೇಳಿಕೊಡುವ ಯೋಗ್ಯತೆ ನಮಗಿಲ್ಲ. ಅವರಿಗೆ ಬೇಕಾದದ್ದು ನ್ಯಾಯವಾದ ಕೂಲಿ. ಉಳಿಸುವುದನ್ನು ನಾವು ಅವರಿಂದಲೇ ಕಲಿಯಬೇಕು. ನನ್ನವ್ವ ಜೋಳ ಬೀಸುವ ಮುನ್ನ ದಿನವೂ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಬರಗಾಲದಲ್ಲಿ ಹಿಡಿ ಚಿಕ್ಕದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಆ ಗಡಿಗೆಯಿಂದಲೇ ಜಂಗಮರಿಗೆ ಭಿಕ್ಷೆ, ಅದರಿಂದಲೇ ಓಣಿಯ ಬಾಣಂತಿಗೆ ನುಚ್ಚು, ನಮಗೆ ಅಡಚಣೆಯಾದರೆ ನಮಗೂ ಅದೇ. ತನಗೆ ಇಟ್ಟದ್ದು ಮತ್ತು ಪರರಿಗೆ ಇಟ್ಟದ್ದು ಎಂದು ಎರಡು ಗಡಿಗೆ ಅವಳಲ್ಲಿ ಇರಲಿಲ್ಲ.

ನಾಡಿನ ಉಳಿತಾಯದ ಇತಿಹಾಸವೂ ಇಂಥ ಹಿಡಿಗಳಿಂದಲೇ ಕಟ್ಟಿದ್ದು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ಪಿಗ್ಮಿ ಯೋಜನೆ ತಂದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದರು. 2000ದ ಈಚೆಗೆ ಸ್ತ್ರೀ ಶಕ್ತಿ ಸಂಘಗಳಲ್ಲಿ ನಮ್ಮ ಹೆಣ್ಣುಮಕ್ಕಳು ವಾರವಾರ ಕಟ್ಟಿದ್ದೂ ಅಷ್ಟೇ ಸಣ್ಣ ಮೊತ್ತ. ಇವೆಲ್ಲದರಲ್ಲಿ ಒಬ್ಬರ ಉಳಿತಾಯ ಇನ್ನೊಬ್ಬರ ಕಷ್ಟಕ್ಕೆ ಒದಗುತ್ತಿತ್ತು. ಕಲ್ಯಾಣದ ಆ ಕೂಡು ಆಸರೆಯ ಒಂದು ಎಳೆ ಇಲ್ಲಿ ಉಳಿದಿದೆ ಎಂದೇ ನನ್ನ ತಿಳಿವಳಿಕೆ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಲಕ್ಷಗಟ್ಟಲೆ ರೊಟ್ಟಿ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಅದಕ್ಕೇ ಮನೆಮನೆಯಲ್ಲಿ ಮೊದಲೇ ಬಡಿದು ಜೋಡಿಸಿಡುತ್ತಾರೆ. ಯಾರ ಮನೆಯಲ್ಲೂ ಹಿಟ್ಟು ಉಳಿದಿರದಿದ್ದರೆ ಆ ದಾಸೋಹ ನಡೆಯುತ್ತಿತ್ತೆ? ಉಳಿಸಿದ ರೊಟ್ಟಿಯನ್ನು ಯಾರೂ ಹೊರಗೆ ಬಿಡದಿದ್ದರೂ ನಡೆಯುತ್ತಿರಲಿಲ್ಲ. ಉಳಿಸುವುದು ಮತ್ತು ಕೊಡುವುದು ಒಂದೇ ಕೆಲಸದ ಎರಡು ಭಾಗ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ನಾನು ನಿವೃತ್ತಳಾದ ವರ್ಷ ಒಂದು ಮೊತ್ತ ಗೊತ್ತುಮಾಡಿಕೊಂಡೆ. ಒಂದು ವರ್ಷದ ಮನೆ ಖರ್ಚು ಮತ್ತು ಕಾಯಿಲೆ ಬಿದ್ದರೆ ಬೇಕಾದಷ್ಟು. ಅದು ತುಂಬುವವರೆಗೆ ಕಟ್ಟುನಿಟ್ಟಾಗಿ ಉಳಿಸಿದೆ. ತುಂಬಿದ ಮೇಲೆ ಪಿಂಚಣಿಯಲ್ಲಿ ಉಳಿಯುವುದು ನಾನು ಕಲಿಸಿದ ಶಾಲೆಯ ಹೆಣ್ಣುಮಕ್ಕಳ ಮುಂದಿನ ಓದಿಗೆ ಹೋಗುತ್ತದೆ. ಎಲ್ಲೆ ಎಳೆದುಕೊಂಡ ಮೇಲೆ ಮನಸ್ಸಿನಲ್ಲಿ ಬಂದ ನೆಮ್ಮದಿ ಬಡ್ಡಿಯ ದರ ನೋಡುತ್ತ ಕುಳಿತಿದ್ದಾಗ ಇರಲಿಲ್ಲ. ಸಾಕು ಎಂಬ ಗುರಿಯಿಲ್ಲದ ಉಳಿತಾಯ ಕೊನೆಗೆ ದುಂದಿನಷ್ಟೇ ದಣಿಸುತ್ತದೆ, ಏಕೆಂದರೆ ಎರಡರ ಬೇರೂ ಇನ್ನೂ ಬೇಕು ಎಂಬುದೇ.

ಆದ್ದರಿಂದ ಮಗಳೇ, ಎರಡೂ ಖರೆ. ಲಕ್ಕಮ್ಮ ಹೇಳಿದ್ದೂ ಖರೆ, ನಾನು ಹೇಳಿದ್ದೂ ಖರೆ. ನಿನ್ನದಲ್ಲದ್ದನ್ನು ಒಳಗೆ ತರಬೇಡ. ಬೇರೆಯವರ ಕಣ್ಣಿಗಾಗಿ ಖರ್ಚು ಮಾಡಬೇಡ. ಯಾರ ಮುಂದೆಯೂ ಕೈಯೊಡ್ಡದಂತೆ ನಿನ್ನ ನಾಳೆಯನ್ನು ಕಟ್ಟಿಕೋ. ಮುಂದಿನ ಸಂಬಳ ಬಂದ ದಿನ ಒಂದು ಹಾಳೆಯ ಮೇಲೆ ಎರಡು ಸಂಖ್ಯೆ ಬರೆ: ತಿಂಗಳಿಗೆ ಎಷ್ಟು ಉಳಿಸುತ್ತೀ, ಒಟ್ಟು ಎಷ್ಟಾದರೆ ಸಾಕು. ಮೊದಲನೆಯದನ್ನು ಬ್ಯಾಂಕಿನವರೂ ಹೇಳಿಕೊಡುತ್ತಾರೆ. ಎರಡನೆಯದನ್ನು ನೀನೇ ಬರೆಯಬೇಕು, ಮೊದಲನೆಯದರ ಜೊತೆಗೇ ಬರೆಯಬೇಕು.